ಚೌಕಟ್ಟಿನೊಳಗಿನ ಕುರಿ

ಹುಲ್ಲಿಗೆ ಬೆನ್ನು ಮಾಡಿ ನಿಂತು, ಬಿದ್ದಲ್ಲಿನ ಹುಲ್ಲು ಎಣಿಸಲೆಂದು ಇಟ್ಟುಕೊಂಡಿದ್ದ ಕಬ್ಬಿಣದ ಚೌಕಟ್ಟನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆದೆ. ಅದು ನೆಲಕ್ಕೆ ಬಿದ್ದ ಸದ್ದು ಕೇಳಲಿಲ್ಲ. ಬದಲಿಗೆ ಒಂದು ಕುರಿ ಅರಚಿತು.

ತಿರುಗಿ ನೋಡಿದೆ. ಮೊಣಕಾಲೆತ್ತರದ ಹುಲ್ಲಿನಲ್ಲಿ ಕರಿಮೋರೆಯ ಕುರಿಯೊಂದು ಮುಂಗಾಲೆರಡನ್ನೂ ಚೌಕಟ್ಟಿನೊಳಗೆ ಇಟ್ಟುಕೊಂಡು ನಿಂತಿತ್ತು. ಅದರ ಹಿಂದೆ, ದಿಬ್ಬದ ಮರೆಯಿಂದ, ಇನ್ನೂ ಮೂವತ್ತು ನಲವತ್ತು ಬರುತ್ತಿದ್ದವು. ತಂತಿಬೇಲಿಯ ಒಳಗೆ. ನಾಲ್ಕು ವರ್ಷಗಳಿಂದ ಒಂದು ಗೊರಸೂ ತುಳಿದಿಲ್ಲವೆಂದು ನಾವು ಬರೆಯುತ್ತ ಬಂದಿದ್ದ ನೆಲದಲ್ಲಿ.

“ಕಣ್ಣು ಬೆನ್ನಾಗೈತೇನೋ ನಿಂಗೆ?” ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಐವತ್ತರ ಹೆಂಗಸು ಕುರಿಯ ಬೆನ್ನು ನೀವುತ್ತ ಕೇಳಿದಳು. “ನೋಡ್ಕಂಡು ಎಸೆಯಾಕೆ ಬರಲ್ವಾ?”

“ನೋಡಬಾರದು. ನೋಡಿ ಎಸೆದರೆ ಕೈ ಒಳ್ಳೆ ಹುಲ್ಲಿರೋ ಕಡೆಗೇ ಹೋಗುತ್ತೆ. ಎಣಿಕೆ ಕೆಡುತ್ತೆ.”

“ನೋಡ್ದಂಗೆ ಎಸೆಯಾದನ್ನ ಕಲಿಯಾಕೆ ಎಷ್ಟು ವರ್ಸ ಕಾಲೇಜಿಗೆ ಹೋದೆ ಮಗಾ?”

“ಏಳು.”

“ನಮ್ಮ ಟಗರು ನೋಡ್ದಂಗೆ ಗುದ್ದಾದನ್ನ ಮೂರೇ ತಿಂಗಳಿಗೆ ಕಲ್ತೈತೆ,” ಎಂದಳು.

ಅವಳ ಹೆಸರು ಬೊಮ್ಮಕ್ಕ. ನಾನು ಆಗ ಪ್ರೊಫೆಸರ್ ನೀಲಕಂಠಯ್ಯನವರ ಕೈಕೆಳಗೆ ಹುಲ್ಲುಗಾವಲಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಊರಾಚೆಯ ಆ ವಿಶಾಲವಾದ ನೆಲವನ್ನು ಕುರಿಯವರು ಕಾವಲು ಎನ್ನುತ್ತಿದ್ದರು, ಕಚೇರಿಯವರು ಬಂಜರು ಎನ್ನುತ್ತಿದ್ದರು. ಬೇಲಿ ಹಾಕಿ, ನಾಡಹುಲ್ಲಿನ ಬೀಜ ಬಿತ್ತಿ, ಬಾಯಿ ಹಾಕುವ ಪ್ರಾಣಿಗಳನ್ನು ದೂರವಿಟ್ಟರೆ ಸತ್ತ ಹುಲ್ಲುಗಾವಲು ಮತ್ತೆ ಹುಟ್ಟುತ್ತದೆ ಎಂಬುದು ಪ್ರೊಫೆಸರರ ಸಿದ್ಧಾಂತ. ನಾಲ್ಕು ತುಂಡು ನೆಲಕ್ಕೆ ಬೇಲಿ ಹಾಕಿಸಿದ್ದರು. ಕಾವಲುಗಾರನ ಗುಡಿಸಲಿನ ಹತ್ತಿರವಿದ್ದ ಮೂರರಲ್ಲಿ ಹಳೆಯ ಹುಲ್ಲು ತನ್ನ ಮೇಲೆ ತಾನೇ ಬಿದ್ದು ಕೊಳೆಯುತ್ತಿತ್ತು. ದೂರದ ಮೂಲೆಯ ಈ ನಾಲ್ಕನೆಯದರಲ್ಲಿ ಮಾತ್ರ ಹತ್ತೊಂಬತ್ತು ಬಗೆಯ ಹುಲ್ಲು. ಅದರ ಚಿತ್ರಗಳನ್ನು ಹಿಡಿದುಕೊಂಡು ಅವರು ದೇಶದೇಶಗಳಿಗೆ ಹೋಗಿಬಂದಿದ್ದರು. ನನ್ನ ಪ್ರಬಂಧವೂ ಅದರ ಮೇಲೆಯೇ ನಿಂತಿತ್ತು.

ಬೊಮ್ಮಕ್ಕ ಏನನ್ನೂ ಮುಚ್ಚಿಡಲಿಲ್ಲ. ಬೇಲಿಯ ಕೆಳತಂತಿಯನ್ನು ಕವೆಗೋಲಿನಿಂದ ಎತ್ತಿ ನಿಲ್ಲಿಸಿದ್ದ ಜಾಗವನ್ನು ತೋರಿಸಿಯೇಬಿಟ್ಟಳು.

“ಬೀಜ ಉದುರಿದ ಮ್ಯಾಲೆ ಹದಿನೈದು ದಿನ, ಅಷ್ಟೆ. ಒಣಗಿದ್ದನ್ನ ಮೇಯ್ತವೆ, ಬೀಜನ ನೆಲಕ್ಕೆ ತುಳೀತವೆ. ಆಮ್ಯಾಲೆ ಮಳೆ ಬಂದು ಹೊಸ ಹುಲ್ಲು ಬಲಿಯಾ ಗಂಟ ಈ ಕಡೆ ತಲೆ ಹಾಕಲ್ಲ. ನಮ್ಮತ್ತೆ ಹೇಳಿಕೊಟ್ಟಿದ್ದು. ಬೇಲಿ ನಿಂದಾಗಿರಬೋದು ಮಗಾ, ಹುಲ್ಲು ನಂದು.”

ಮರುದಿನ ಪ್ರೊಫೆಸರರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಕಿತ್ತಳೆ ಸುಲಿಯುತ್ತಿದ್ದರು. ತೊಳೆಗಳನ್ನು ಒಂದೊಂದಾಗಿ ಬಿಡಿಸಿ, ನನ್ನ ಎಣಿಕೆಯ ಹಾಳೆಯ ಮೇಲೆಯೇ ಸಾಲಾಗಿ ಇಡುತ್ತಿದ್ದರು.

“ಕುರಿ ನೋಡಿದೆಯೋ, ಹಿಕ್ಕೆ ನೋಡಿದೆಯೋ?”

“ಎರಡೂ ಸರ್. ನಾಲ್ಕು ವರ್ಷದಿಂದ ಮೇಯಿಸ್ತಿದಾರೆ. ಆ ಹುಲ್ಲು ಬಂದಿರೋದೇ ಅದರಿಂದ ಅನ್ಸುತ್ತೆ.”

“ಅನ್ಸುತ್ತೆ,” ಎಂದು ಒಂದು ತೊಳೆ ಬಾಯಿಗೆ ಹಾಕಿಕೊಂಡರು. “ಚೌಕಟ್ಟಿನೊಳಗೆ ನಾವು ಏನು ಎಣಿಸ್ತೀವಪ್ಪ?”

“ಹುಲ್ಲು ಸರ್.”

“ಹಿಕ್ಕೆ ಹುಲ್ಲಲ್ಲ. ಎಣಿಸಬೇಡ. ನಿನ್ನ ಪ್ರಬಂಧ ಈ ವರ್ಷ ಮುಗೀಬೇಕೋ ಬೇಡವೋ?”

ಹಾಳೆಯಲ್ಲಿ ‘ಮೇಯಿಸುವಿಕೆ’ ಎಂಬ ಕಾಲಂ ಇತ್ತು. ಅದರ ಕೆಳಗೆ ನಾನು ಸೊನ್ನೆ ಬರೆದೆ. ಚಿತ್ರ ತೆಗೆಯುವ ಮೊದಲು ಚೌಕಟ್ಟಿನೊಳಗಿನ ಹಿಕ್ಕೆಗಳನ್ನು ಬೆರಳುಗಳಿಂದ ಹೆಕ್ಕಿ ಕಾಗದದ ಚೀಲಕ್ಕೆ ತುಂಬಿ, ಬೇಲಿಯಾಚೆ ಸುರಿದು ಬಂದೆ. ಹೀಗೆ ಮೂರು ದಿನ ಮಾಡಿದೆ. ಕಿತ್ತಳೆಯ ವಾಸನೆ ಬಂದ ಕಡೆಯಿಂದ ನಾನು ಇವತ್ತಿಗೂ ಎದ್ದು ಹೋಗುತ್ತೇನೆ.

ಪ್ರಬಂಧ ಮುಗಿಯಿತು. ನನ್ನ ಹೆಸರಿನ ಮುಂದೆ ಡಾಕ್ಟರ್ ಬಂತು, ಅದೇ ಕಾಲೇಜಿನಲ್ಲಿ ಕೆಲಸವೂ ಆಯಿತು. ನಮ್ಮ ಸೊನ್ನೆಯನ್ನು ನಂಬಿದ ಇಲಾಖೆ ಇಡೀ ಕಾವಲಿಗೆ ಬೇಲಿ ಹಾಕಿ, ಸುತ್ತ ಕಂದಕ ತೋಡಿ, ಕುರಿಗಳನ್ನು ಶಾಶ್ವತವಾಗಿ ಹೊರಗಿಡಲು ಹೊರಟಿತು. ಕುರಿಯವರ ಹನ್ನೊಂದು ಕುಟುಂಬಗಳಿಗೆ ಬೇರೆ ಮೇವಿನ ನೆಲವಿರಲಿಲ್ಲ. ಅಹವಾಲು ಕೇಳಲೆಂದು ಊರಿನ ಸಭಾಭವನದಲ್ಲಿ ಒಂದು ಸಭೆ ನಡೆಯಿತು. ಬೊಮ್ಮಕ್ಕ ಮಾತಾಡಿದಳು. ಸೋತಳು. ಮರುವಾರ ಕಂದಕದ ಕೆಲಸ ಶುರುವಾಯಿತು.

ನಂತರದ ಹತ್ತು ವರ್ಷ ನಾನು ನೀಲಕಂಠಯ್ಯನವರನ್ನು ದ್ವೇಷಿಸಿದೆ. ಅವರ ಸನ್ಮಾನಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ದ್ವೇಷಿಸಿದೆ. ಅವರು ನಿವೃತ್ತರಾದ ದಿನ ಹಾರ ಹಾಕುತ್ತ ದ್ವೇಷಿಸಿದೆ. ಅವರ ಕುರ್ಚಿಯಲ್ಲಿ ನಾನೇ ಕುಳಿತ ಮೇಲೆ, ಕಿಟಕಿಯಿಂದ ದೂರದಲ್ಲಿ ಕಾಣುತ್ತಿದ್ದ ಕಾವಲನ್ನು ನೋಡಿ ಹಲ್ಲು ಕಚ್ಚಿದೆ. ಬೇಲಿಯೊಳಗೆ ಹುಲ್ಲು ಬೂದುಬಣ್ಣದ ಚಾಪೆಯಾಗಿ ಮಲಗಿತ್ತು. ಅದನ್ನು ಸೀಳಿಕೊಂಡು ಸೀಮೆಜಾಲಿ ಏಳುತ್ತಿತ್ತು. ಕೊನೆಯ ಸಲ ಎಸೆದಾಗ ಚೌಕಟ್ಟಿನೊಳಗೆ ಸಿಕ್ಕಿದ್ದು ಎರಡೇ ಬಗೆಯ ಹುಲ್ಲು, ಅದರಲ್ಲಿ ಒಂದು ಸತ್ತಿತ್ತು.

ಆ ಸಿಟ್ಟಿನಲ್ಲೇ ಅವರ ಸಿದ್ಧಾಂತವನ್ನು ಹರಿದುಹಾಕುವ ಲೇಖನ ಬರೆದೆ. ಎರಡು ವರ್ಷ ಇಲಾಖೆಯ ಮೆಟ್ಟಿಲು ಹತ್ತಿ ಇಳಿದೆ, ಜಗಳವಾಡಿದೆ, ಮೇಜು ಗುದ್ದಿದೆ. ಕೊನೆಗೆ ಒಂದು ಅನುಮತಿಪತ್ರ ಬಂತು. ಅದು ಕೈಗೆ ಸಿಕ್ಕ ಮಧ್ಯಾಹ್ನ ನಾನು ಕಾವಲಿನಲ್ಲಿದ್ದೆ. ಚೌಕಟ್ಟನ್ನು ಹೆಗಲಿಗೆ ಹಾಕಿಕೊಂಡು ಹಾಗೆಯೇ ಬೊಮ್ಮಕ್ಕನನ್ನು ಹುಡುಕಿಕೊಂಡು ನಡೆದೆ.

ಕೊಯ್ಲಾದ ಯಾರದೋ ಹೊಲದಲ್ಲಿ ಅವಳು ಮಂದೆ ನಿಲ್ಲಿಸಿದ್ದಳು. ಕೂದಲು ಪೂರ್ತಿ ನೆರೆತಿತ್ತು. ಕಂಬಳಿ ಮಾತ್ರ ಅದೇ.

“ಬನ್ನಿ ಸಾರ್. ಕುಂತ್ಕಳಿ,” ಎಂದಳು.

ಅವಳು ನನ್ನನ್ನು ಮಗಾ ಎಂದು ಕರೆಯಬಹುದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಚೌಕಟ್ಟನ್ನು ನೆಲಕ್ಕಿಟ್ಟು, ಪತ್ರ ತೆಗೆದು ಓದಿದೆ.

“ನಲವತ್ತು ಕುರಿ ಬೊಮ್ಮಕ್ಕ. ಬೀಜ ಉದುರಿದ ಮೇಲೆ ಹದಿನೈದು ದಿನ, ಪ್ರತಿ ವರ್ಷ. ನೀವು ಹೇಳಿದ ಹಾಗೇ. ಯಾರೂ ತಡೆಯೋ ಹಾಗಿಲ್ಲ. ನನ್ನ ಲೇಖನದಲ್ಲಿ ನಿಮ್ಮ ಹೆಸರನ್ನೂ ಹಾಕಿದೀನಿ.”

ಅವಳು ಪತ್ರಕ್ಕೆ ಕೈ ಚಾಚಲಿಲ್ಲ.

“ಅವತ್ತು ನೀವು ನೋಡಿದ್ರಲ್ಲ. ಅದೈತಾ ಅದ್ರಾಗೆ?”

ಲೇಖನದ ಪ್ರತಿ ಚೀಲದಲ್ಲಿಯೇ ಇತ್ತು. ತೆಗೆದು, ಆ ಸಾಲು ಹುಡುಕಿ ಓದಿದೆ. “ಹಿಂದಿನ ವರ್ಷಗಳಲ್ಲಿ ಮೇಯಿಸುವಿಕೆ ನಡೆದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.”

“ಹಂಗಂದ್ರೆ?”

“ನಡೆದಿರಬಹುದು ಅಂತ.”

“ಓ. ಯಾರೂ ನೋಡ್ಲಿಲ್ಲ ಅಂತ.”

ಮೇಲೆ ಆ ಸಭೆಯ ವಿಷಯ ಹೇಳುವಾಗ ಒಂದು ಮಾತನ್ನು ನಾನು ನುಂಗಿಕೊಂಡೆ. ಅವತ್ತು ಅಧಿಕಾರಿಯ ಮುಂದೆ ಬೊಮ್ಮಕ್ಕ ನನ್ನತ್ತ ಕೈ ತೋರಿಸಿದ್ದಳು. “ಈ ಹುಡುಗ ನೋಡವ್ನೆ ಸಾಮಿ. ಇವನ ಚೌಕಟ್ಟೇ ನನ್ನ ಕುರಿ ಬೆನ್ನಿಗೆ ಬಿದ್ದಿದ್ದು. ಕೇಳ್ರಿ ಅವನ್ನ.” ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ಕೇಳಿದರು. ನಾನು ಎದ್ದು ನಿಂತು ಹೇಳಿದೆ: “ಚೌಕಟ್ಟು ಎಸೆಯುವಾಗ ನಾವು ಹಿಂದೆ ನೋಡುವುದಿಲ್ಲ ಸರ್. ಅದು ನಿಯಮ.”

ಅದರಲ್ಲಿ ಒಂದು ಪದವೂ ಸುಳ್ಳಿರಲಿಲ್ಲ. ಹಾಗೆ ಹೇಳೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀಲಕಂಠಯ್ಯನವರು ಅಂದು ಆ ಊರಿನಲ್ಲಿಯೇ ಇರಲಿಲ್ಲ.

“ತಿದ್ದಿ ಬರೀತೀನಿ,” ಎಂದೆ. ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು. “ನೋಡಿದೆ ಅಂತಲೇ ಬರೀತೀನಿ. ಈ ಪತ್ರ ಇಟ್ಕೊಳ್ಳಿ ಮೊದಲು. ಹುಲ್ಲು ಸಾಯ್ತಿದೆ ಬೊಮ್ಮಕ್ಕ. ನಿಮ್ಮ ಕುರಿ ಬರದಿದ್ರೆ ಇನ್ನೆರಡು ವರ್ಷಕ್ಕೆ ಪೂರ್ತಿ ಹೋಗುತ್ತೆ.”

“ಬೇಲಿ ನಿಮ್ದು. ಈಗ ಹುಲ್ಲೂ ನಿಮ್ದೇ.” ಅವಳು ಎದ್ದು ಕೋಲು ಕೈಗೆತ್ತಿಕೊಂಡಳು.

“ಒಂದು ಸಲ ಬಂದು ನೋಡಿ.”

“ಬ್ಯಾಡ,” ಎಂದಳು. “ತಗಂಡೋಗಿ.”

ನಾಲಿಗೆ ಹೊರಳಿಸಿ ಮಂದೆಯನ್ನು ಕರೆದಳು. ಕುರಿಗಳು ಎದ್ದು ಅವಳ ಹಿಂದೆ ಹೊರಟವು. ನೆಲದ ಮೇಲಿದ್ದ ಚೌಕಟ್ಟಿನೊಳಗೆ ಒಂದೊಂದಾಗಿ ಕಾಲಿಟ್ಟು, ದಾಟಿ, ಹೋದವು. ಕೊನೆಯದು ದಾಟುವವರೆಗೂ ನಾನು ಕಣ್ಣು ಕೀಳದೆ ನೋಡಿದೆ.