ಪಾರ್ವತವ್ವನ ಚಿತ್ರದ ಪಟ್ಟಿ

"ಹಾರ ಸ್ವಲ್ಪ ಈ ಕಡೆ ತಿರಗಸ್ರಿ, ಸಂಘದ ಹೆಸರು ಕಾಣವಲ್ದು," ಎನ್ನುತ್ತ ಶಂಭುಲಿಂಗಪ್ಪ, ಅಂಗಳದಲ್ಲಿ ಕುರ್ಚಿಗೆ ಕೂರಿಸಿ ಕಟ್ಟಿದ್ದ ಪಾರ್ವತವ್ವನ ಶವದ ಕೊರಳಿಗೆ ತಾವೇ ಕೈ ಹಾಕಿದರು. ಹದಿನೆಂಟು ವರ್ಷ ಬನವಾಸಿ ಕಡೆಯ ಹಳ್ಳಿಶಾಲೆಯಲ್ಲಿ ಬಿಸಿಯೂಟ ಬೇಯಿಸಿದ ಹೆಂಗಸಿನ ಮನೆಗೆ ಸೇವಾ ಸಂಘದ ಈ ಅಧ್ಯಕ್ಷರು ಬಂದದ್ದು ಎರಡೇ ಸಲ. ಎರಡು ಸಲವೂ ಫೋಟೋ ತೆಗೆಸಿಕೊಳ್ಳಲಿಕ್ಕೆ.

ಮೊದಲ ಸಲ ಟ್ಯಾಬ್ ಕೊಡಲು ಬಂದಿದ್ದರು. ಪಾರ್ವತವ್ವನ ಮೊಮ್ಮಗಳು, ತಾಯಿಯಿಲ್ಲದ ದೇವಿಗೆ ಈಗ ಒಂಬತ್ತು ವರ್ಷ, ಮಾತು ಬಂದಿಲ್ಲ. ಚಿತ್ರ ಮುಟ್ಟಿದರೆ ಮಾತಾಡುವ ಟ್ಯಾಬು ಅದು. ಶಾಲು ಹೊದೆಸಿ, ಭಾಷಣ ಬಿಗಿದು ಕೊಟ್ಟವರು ಅದೇ ಸಂಜೆ 'ಹುಡುಗಿ ಒಡೆದು ಹಾಕ್ತಾಳ' ಎಂದು ವಾಪಸು ಒಯ್ದು ಸಂಘದ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದರು. ಎರಡು ವರ್ಷದ ಮೇಲೆ ಇವತ್ತು ಅದಕ್ಕೆ ಬಿಡುಗಡೆ.

"ಹಿಡ್ಕೊ ಪುಟ್ಟಿ, ಅಜ್ಜಿ ಬಾಜೂಕ ನಿಲ್ಲು."

ಟ್ಯಾಬಿನಲ್ಲಿ ಚಾರ್ಜ್ ಇರಲಿಲ್ಲ. ಫೋಟೋದಲ್ಲಿ ಅದು ಯಾರಿಗೆ ಗೊತ್ತಾಗಬೇಕು?

ದೇವಿ ಅದನ್ನು ನೆಲಕ್ಕಿಟ್ಟು ಅಡುಗೆಮನೆಗೆ ಓಡಿದಳು. ಗೋಡೆಯ ಮೊಳೆ ಖಾಲಿಯಾಗಿತ್ತು. ಅಲ್ಲಿ ತೂಗುತ್ತಿದ್ದ ಚಿತ್ರದ ಪಟ್ಟಿಯನ್ನು ಪಾರ್ವತವ್ವನ ನಾದಿನಿ ಅನ್ನಪೂರ್ಣವ್ವ ಆಗಲೇ ಸತ್ತವಳ ಸೀರೆ, ಹಾಸಿಗೆ, ಎಲೆಚೀಲಗಳ ಜೊತೆ ಗಂಟು ಕಟ್ಟಿದ್ದಳು.

"ಅದು ಹುಡುಗೀದು, ಅತ್ತಿ," ಎಂದ ಪಾರ್ವತವ್ವನ ಮಗ, ದೇವಿಯ ಅಪ್ಪ ಸುಭಾಷ್.

"ಅಕೀ ಸೀರಿ ಸೆರಗಲ್ಲೇನು ಇದು? ಸತ್ತವರು ಉಟ್ಟಿದ್ದು ಮನ್ಯಾಗ ಇಟ್ಕೊಬಾರ್ದು, ಕುಣಿಗೆ ಹಾಕಬೇಕು. ಹುಡುಗಿಗೆ ಆಡಾಕ ಬೊಂಬಿ ಕೊಡಸು."

ಅದು ಆಟದ ಸಾಮಾನಲ್ಲ ಎಂದು ಸುಭಾಷನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹಿರಿಯರ ಮುಂದೆ ಉಸಿರೆತ್ತದಿರುವುದೇ ದೊಡ್ಡ ಗುಣ ಎಂದು ನಂಬಿ ನಲವತ್ತು ವರ್ಷ ಕಳೆದ ಗಂಡಸು ಅವನು.

*

ನಾಲ್ಕು ವರ್ಷದ ಹಿಂದೆ ಮಾತು ಬಾರದ ಮಕ್ಕಳಿಗಾಗಿ ನಡೆದ ಶಿರಸಿಯ ಶಿಬಿರದಲ್ಲಿ ಮೇಧಾ ಎನ್ನುವ ಟೀಚರು ಪಾರ್ವತವ್ವನಿಗೆ ಹೇಳಿದ್ದಳು: "ಅವಳಿಗೆ ಹೇಳೋದು ಬೇಕಾದಷ್ಟು ಇದೆ ಅಮ್ಮ, ದಾರಿ ಇಲ್ಲ ಅಷ್ಟೇ. ಚಿತ್ರ ಮಾಡಿ ಕೊಡಿ. ಅವಳು ಯಾವುದು ತೋರಿಸ್ತಾಳೋ ಅದನ್ನ ನೀವು ಕೇಳಲೇಬೇಕು."

ಪಾರ್ವತವ್ವ ಬಿಸ್ಕಿಟ್ ಪೊಟ್ಟಣ, ಕ್ಯಾಲೆಂಡರು, ಮದುವೆ ಕಾಗದ ಕತ್ತರಿಸಿದಳು. ನಲ್ಲಿ, ರೊಟ್ಟಿ, ಪಾಯಖಾನೆ, ಹಾಸಿಗೆ ಎಲ್ಲ ರಟ್ಟಿಗಂಟಿ, ಹಳೆಯ ಸೀರೆಯ ಸೆರಗಿಗೆ ಹೊಲಿಗೆಯಾಗಿ ಕೂತವು. 'ಬೇಡ' ಎನ್ನುವುದಕ್ಕೆ ಮಾತ್ರ ಚಿತ್ರ ಸಿಗಲಿಲ್ಲ. ಅದನ್ನು ಯಾವ ಕಂಪನಿ ಅಚ್ಚು ಹಾಕುತ್ತದೆ? ಕೊನೆಗೆ ದೊಡ್ಡ ರಟ್ಟಿನ ಮೇಲೆ ತನ್ನೆರಡು ಕೈಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು, ಸುಭಾಷನಿಂದ ಸುತ್ತ ನೀಲಿ ಪೆನ್ನಿನ ಗೆರೆ ಎಳೆಸಿದಳು. ಬಳೆಗಳನ್ನೂ ಬಿಡದೆ ಬರೆಸಿ, ಅದನ್ನೂ ಪಟ್ಟಿಯ ಕೊನೆಗೆ ಹೊಲಿದಳು.

ಒಂದು ದಿನ ಸುಭಾಷ್ ಗದರಿಸಿ ಗಂಜಿ ತುರುಕುತ್ತಿದ್ದಾಗ ದೇವಿ ಆ ರಟ್ಟನ್ನು ಎತ್ತಿ ಹಿಡಿದಳು. ಅವನು ಚಮಚ ಬಿಡಲಿಲ್ಲ. ಪಾರ್ವತವ್ವ ಸೌಟಿನಿಂದ ಅವನ ಕೈಗೇ ಬಾರಿಸಿದಳು.

"ಬ್ಯಾಡ ಅಂದಾಳ ಅಕಿ. ಕಿವಿ ಇಲ್ಲೇನು ನಿನಗ?"

"ಬಾಯೇ ಬಿಟ್ಟಿಲ್ಲಲ್ಲವ್ವಾ ಅದು!"

"ಬಾಯಿದ್ದವರು ನೀವೆಲ್ಲಾ ಏನ್ ಕಡದು ಕಟ್ಟಿ ಹಾಕೀರಿ?"

*

ಕುಣಿಯ ಗೂಡಿನಲ್ಲಿ ಪಾರ್ವತವ್ವನನ್ನು ಕೂರಿಸಿ, ಅಯ್ಯನವರು ವಿಭೂತಿ, ಪತ್ರಿ, ಉಪ್ಪು ಹಾಕಿಸಿದರು. ಅನ್ನಪೂರ್ಣವ್ವ ಗಂಟನ್ನು ಸುಭಾಷನ ಕೈಗೇ ಕೊಟ್ಟಳು. ಅವನು ಅದನ್ನು ತಾಯಿಯ ಪಾದದ ಹತ್ತಿರ ಇಳಿಬಿಟ್ಟ. ಗಂಟಿನಿಂದ ಪಟ್ಟಿಯ ತುದಿ, ಒಂದು ನಲ್ಲಿಯ ಚಿತ್ರ, ಹೊರಗೆ ಇಣುಕಿತು.

ದೇವಿ ಕುಣಿಯ ಅಂಚಿಗೆ ಬಂದಳು. ಎರಡೂ ಕೈ ಎತ್ತಿ ಒಂದರ ಮೇಲೊಂದು ಅಡ್ಡ ಹಿಡಿದಳು. ಅಪ್ಪನ ಮುಂದೆ ಹಿಡಿದಳು, ಅಯ್ಯನವರ ಮುಂದೆ, ಅನ್ನಪೂರ್ಣವ್ವನ ಮುಂದೆ ಹಿಡಿದಳು.

"ನೋಡ್ರಿ, ಹೆಂಗ ಕೈ ಮುಗೀತೈತಿ ಕೂಸು!" ಶಂಭುಲಿಂಗಪ್ಪನವರ ಮೊಬೈಲು ಹೊರಬಂತು. "ಎಂಥಾ ಸಂಸ್ಕಾರ!"

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಳ್ಳುವುದು ಸುಲಭ, ಕಣ್ಣುಬಿಟ್ಟು ನೋಡುವುದೇ ಕಷ್ಟ.

ಸುಭಾಷನ ಮುಷ್ಟಿಯಲ್ಲಿ ಮಣ್ಣಿತ್ತು. ಆ ಕೈಗಳ ಗೆರೆ ಎಳೆದವನು ಅವನೇ. ಮಣ್ಣನ್ನು ಪಕ್ಕಕ್ಕೆ ಚೆಲ್ಲಿ ಕುಣಿಗೆ ಇಳಿದ.

"ಏ ತಮ್ಮಾ, ಈಗ ಇಳೀಬಾರ್ದು!" ಅಯ್ಯನವರು ಕೂಗಿದರು.

"ಮನೆತನಕ್ಕ ಕೇಡೋ, ಮ್ಯಾಲ ಬಾ!" ಎಂದಳು ಅನ್ನಪೂರ್ಣವ್ವ.

"ಅಕಿ ಬ್ಯಾಡ ಅನ್ನಾಕತ್ತಾಳ," ಎಂದ ಸುಭಾಷ್. "ನಿಮಗ ಕಿವಿ ಇಲ್ಲೇನು?"

ಗಂಟು ಬಿಚ್ಚಿ ಪಟ್ಟಿಯನ್ನು ಎಳೆದು ಮಗಳಿಗೆ ಕೊಟ್ಟ. ಅದರಿಂದ ಉಪ್ಪು, ವಿಭೂತಿ ಉದುರಿದವು. ಅಧ್ಯಕ್ಷರು ಮೊಬೈಲು ಹಿಡಿದು ಮುಂದೆ ಬಂದರು.

"ಇದು ಇನ್ನೂ ಛಲೋ ಆತು! ಪುಟ್ಟಿ, ಅಜ್ಜಿ ಸೆರಗ ಹಿಡ್ಕೊಂಡು ಇತ್ತಾಗ ನೋಡು. ಇಲ್ಲಿ, ಮೊಬೈಲ್ ಕಡೆ."

ದೇವಿ ಅವರನ್ನು ನೋಡಿದಳು. ಗಡಿಬಿಡಿಯಿಲ್ಲದೆ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ನಲ್ಲಿ, ರೊಟ್ಟಿ, ಹಾಸಿಗೆ. ಕೊನೆಯ ದೊಡ್ಡ ರಟ್ಟನ್ನು ಎತ್ತಿ ಮೊಬೈಲಿಗೆ ಹತ್ತಿರ ಹಿಡಿದಳು.

"ಹಾಂ, ಹಂಗ ಹಿಡಿ," ಎಂದು ಶಂಭುಲಿಂಗಪ್ಪ ಒತ್ತಿಯೇಬಿಟ್ಟರು.

ಹಾರವಿಲ್ಲ, ಸಂಘವಿಲ್ಲ. ಫೋಟೋದ ತುಂಬ ಪಾರ್ವತವ್ವನ ಎರಡು ಕೈಗಳು, ಬಳೆ ಸಮೇತ, ಅಡ್ಡ.