ಹೊಸ ಟನ್ನು

ಅತ್ತೆ ಹೊಲಿದ ಪಟ್ಟಿ ಹನ್ನೊಂದಕ್ಕೆ ಹರಿಯಿತು.

ಯಂತ್ರ ಎತ್ತುವ ದಪ್ಪ ಪಟ್ಟಿಗಳನ್ನು ಹೊಲಿಯುವುದು ಆ ಮನೆಯ ಕಸುಬು. ಅತ್ತೆ ಸೊಸೆ ಹೊಲಿಯುತ್ತಾರೆ. ಮಗ ಅವನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಊರವರ ಯಂತ್ರಗಳನ್ನು ಮಹಡಿಗೆ ಏರಿಸಿ ಇಳಿಸಿ ಬರುತ್ತಾನೆ. ಹೊಲಿದ ಪ್ರತಿ ಕಟ್ಟಿನಿಂದ ಒಂದು ಪಟ್ಟಿಯನ್ನು ಆರಿಸಿ, ತಿರುಪಿನ ಯಂತ್ರಕ್ಕೆ ಸಿಕ್ಕಿಸಿ, ತಿರುಪು ತಿರುಗಿಸುತ್ತಾ ಹರಿಯುವ ತನಕ ಎಳೆದು ನೋಡುತ್ತಾರೆ. ಹರಿದ ಅಂಕಿಯ ಐದನೇ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದು ಎಂಬುದು ತೀರಿಹೋದ ಮಾವ ಹಾಕಿಕೊಟ್ಟ ಗೆರೆ. ಆ ಯಂತ್ರದ ಎಳೆತ ಅಳೆಯುವ, ಮಾವನ ಕಾಲದ ಮುಳ್ಳಿನ ಗಡಿಯಾರ ಕಿಲೋ ತೋರಿಸುತ್ತಿತ್ತು. ಅದು ಕೆಟ್ಟು, ಹೊಸದು ಬಂದು ಕೂತದ್ದು ನಿನ್ನೆ.

"ಹನ್ನೊಂದು ಏನು?" ಎಂದಳು ಅತ್ತೆ.

"ಕಿಲೋ ನ್ಯೂಟನ್ ಅಂದ್ರು ಅಂಗಡಿಯವ್ರು. ಅಂದ್ರೆ ನ್ಯೂ ಟನ್. ಹೊಸ ಟನ್ನು," ಎಂದ ಮಗ. "ಅಮ್ಮ, ನಿನ್ನ ಪಟ್ಟಿ ಹನ್ನೊಂದು ಟನ್ ಎಳೀತು."

ಅತ್ತೆಯ ಮುಖ ಅರಳಿತು. "ಮತ್ತೆ? ಕಣ್ಣು ಮಂಜಾಯ್ತು ಅಂತ ನನ್ನ ಕೈಯಿಂದ ಸೂಜಿ ಕಿತ್ಕೊಳ್ಳೋಕೆ ನೋಡ್ತಿದ್ರಲ್ಲ."

"ಹನ್ನೊಂದರಲ್ಲಿ ಐದನೇ ಪಾಲು ಎರಡು ಟನ್ ದಾಟುತ್ತೆ. ಇವತ್ತು ಮಧ್ಯಾಹ್ನ ಮುದ್ರಣದ ಯಂತ್ರ ಇಳಿಸ್ಬೇಕು, ಅದು ಎರಡೇ ಟನ್. ಬಾಡಿಗೆ ಸರಪಳಿ ಬೇಡ, ಇದೇ ಸಾಕು," ಎಂದು ಅದೇ ಕಟ್ಟಿನ ಪಟ್ಟಿಗಳನ್ನು ಹೆಗಲಿಗೇರಿಸಿದ.

ಸೊಸೆಯ ಕೈಯ ಸೂಜಿ ನಿಂತಿತು. ಯಂತ್ರ ಇಳಿಯುವಾಗ ಕೆಳಗೆ ನಿಂತು ಹಗ್ಗ ಹಿಡಿಯುವವನು ಅವಳ ಗಂಡನೇ. ಹಳೆಯ ಗಡಿಯಾರದಲ್ಲಿ ಅತ್ತೆಯ ಪಟ್ಟಿ ಸಾವಿರದ ನೂರು ಕಿಲೋದ ಆಸುಪಾಸಿಗೆ ಹರಿಯುತ್ತಿತ್ತು. ಅದೇ ಬಟ್ಟೆ, ಅದೇ ದಾರ, ಅದೇ ಕೈ. ರಾತ್ರಿ ಬೆಳಗಾಗುವುದರಲ್ಲಿ ಹತ್ತು ಪಟ್ಟು ಗಟ್ಟಿಯಾಗಲು ಅದೇನು ಗರಡಿಗೆ ಹೋಗಿತ್ತೇ?

"ರೀ, ಸ್ವಲ್ಪ ತಾಳಿ," ಎಂದು ದಾರದ ಉಂಡೆ ತೂಗುವ ಕೊಕ್ಕೆ ತಕ್ಕಡಿಯನ್ನು ಗೋಡೆಯಿಂದ ಇಳಿಸಿದಳು. ಅದರ ಒಂದು ಬದಿಯಲ್ಲಿ ಕಿಲೋ. ಇನ್ನೊಂದು ಬದಿಯಲ್ಲಿ ಇಷ್ಟು ವರ್ಷ ಯಾರೂ ಕಣ್ಣೆತ್ತಿ ನೋಡದ ಗೆರೆಗಳು. ಅವುಗಳ ತುದಿಯಲ್ಲೂ ಹೊಸ ಗಡಿಯಾರದ ಮೇಲಿದ್ದ ನ್ಯೂಟನ್ನಿನ ಅಕ್ಷರವೇ, ಆದರೆ ಮುಂದೆ ಕಿಲೋದ ಗುರುತಿಲ್ಲದೆ ಒಂಟಿಯಾಗಿ. ಐದು ಕಿಲೋ ದಾರ ತೂಗುಹಾಕಿದಳು. ಈ ಬದಿ ಐದು. ಆ ಬದಿ ಐವತ್ತಕ್ಕೆ ಒಂದು ಕಡಿಮೆ.

"ಐದು ಕಿಲೋ ದಾರ ನಲವತ್ತೊಂಬತ್ತು ಟನ್ ಆಗುತ್ತೇನ್ರಿ?"

ಗಂಡ ತಲೆ ಕೆರೆದುಕೊಂಡ. "ಹಾಗಾದ್ರೆ ಕಿಲೋಗೆ ಹತ್ತರ ಹತ್ರ."

"ನ್ಯೂಟನ್ ಮುಂದೆ ಕಿಲೋ ಸೇರಿಸಿದ್ರೆ ಸಾವಿರ ಪಟ್ಟು ತಾನೆ? ಸಾವಿರ ನ್ಯೂಟನ್ ಅಂದ್ರೆ ನೂರು ಕಿಲೋ, ಮೇಲೊಂದೆರಡು. ನಿಮ್ಮ ಹನ್ನೊಂದು ಅಂದ್ರೆ ಅದೇ ಸಾವಿರದ ನೂರು ಚಿಲ್ಲರೆ."

ಐದನೇ ಪಾಲು ಎಂದರೆ ಇನ್ನೂರು ಕಿಲೋ ಮೇಲೆ ಸ್ವಲ್ಪ. ಗಂಡ ಪಟ್ಟಿಗಳನ್ನು ಹೆಗಲಿನಿಂದ ಕೆಳಗಿಟ್ಟ.

ಅತ್ತೆಗೆ ಸಮಾಧಾನವಾಗಲಿಲ್ಲ. "ಕಿಲೋ ಅಂತಾನೇ ಬರೆದಿದ್ರೆ ಅವರ ಗಂಟೇನು ಹೋಗ್ತಿತ್ತು?"

ಸೊಸೆಗೂ ಅದೇ ತಲೆ ಕೊರೆಯುತ್ತಿತ್ತು. ದಾರ ಇಳಿಸಿ, ತಕ್ಕಡಿಯನ್ನು ತಾನು ಹಿಡಿದು, ಬರಿಯ ಕೊಕ್ಕೆಯನ್ನು ಅತ್ತೆಯ ಬೆರಳಿಗೆ ಸಿಕ್ಕಿಸಿ, "ಅಡ್ಡಕ್ಕೆ ಎಳೀರಿ" ಎಂದಳು. ಮುಳ್ಳು ನ್ಯೂಟನ್ ಬದಿಯ ಮೂವತ್ತಕ್ಕೆ ಹೋಯಿತು.

"ಇದರಲ್ಲಿ ಎಷ್ಟು ಕಿಲೋ ಸಾಮಾನಿದೆ ಅತ್ತೆ?"

"ಸಾಮಾನೆಲ್ಲಿದೆ? ನನ್ನ ಬೆರಳಿದೆ."

"ಸಾಮಾನಿಲ್ಲ, ಎಳೆತ ಇದೆ. ಕಿಲೋ ಅಂದ್ರೆ ಎಷ್ಟು ಸಾಮಾನು ಅಂತ. ಇದು ಎಷ್ಟು ಜೋರಾಗಿ ಎಳೀತೀವಿ ಅಂತ. ನಮ್ಮ ತಿರುಪಿನ ಯಂತ್ರದಲ್ಲೂ ಏನೂ ತೂಗುಹಾಕಲ್ಲ, ಬರೀ ಎಳೀತೀವಿ. ಅದಕ್ಕೇ ಇರ್ಬೇಕು."

ಅತ್ತೆ ಬೆರಳನ್ನು ಬಿಡದೆ ಯೋಚಿಸಿದಳು. "ಅಂದ್ರೆ ನನ್ನ ಪಟ್ಟಿ ಹೆಚ್ಚೂ ಆಗಿಲ್ಲ, ಕಮ್ಮಿಯೂ ಆಗಿಲ್ಲ."

"ಮೊದಲಿದ್ದಷ್ಟೇ."

"ಹಾಗಾದ್ರೆ ಸೂಜಿ ನನ್ನ ಹತ್ರವೇ ಇರ್ಲಿ."

ಮಗ ಸರಪಳಿ ತರಲು ಚಪ್ಪಲಿ ಮೆಟ್ಟಿಕೊಂಡ. ಬಾಗಿಲ ಬಳಿ ನಿಂತು, ಮುದ್ರಣದ ಯಂತ್ರದಿಂದ ಬಿಚ್ಚಿಟ್ಟ ಚಕ್ರಗಳು ತಲಾ ನೂರೈವತ್ತು ಕಿಲೋ, ಅವಕ್ಕೆ ಅಮ್ಮನ ಪಟ್ಟಿಯೇ ಆಗುತ್ತದೆ ಎಂದು ಎರಡು ಪಟ್ಟಿಗಳನ್ನು ಮತ್ತೆ ಹೆಗಲಿಗೇರಿಸಿದ.

ಅವನು ಬೀದಿ ದಾಟುವಷ್ಟರಲ್ಲಿ ಅತ್ತೆ ಎರಡೂ ಕೈಯಲ್ಲಿ ಕೊಕ್ಕೆ ಹಿಡಿದು, ಕಾಲನ್ನು ಹೊಸ್ತಿಲಿಗೆ ಊರಿ ಜಗ್ಗಿದಳು.

"ನೋಡೇ, ಎಷ್ಟು?"

"ತೊಂಬತ್ತು."

"ಹೊಸ ಟನ್ನಾ?" ಎಂದು ಕೇಳಿ, ನಗು ತಡೆಯಲಾರದೆ ಕೊಕ್ಕೆ ಬಿಟ್ಟಳು.