ಮಕ್ಕಳ ಬೆನ್ನಿಗಂಟಿದ ನೀಲಿ

ಶಾಲೆ ಬಿಟ್ಟಾಗ, ಹೊಸದಾಗಿ ಬಣ್ಣ ಬಳಿದ ಕಾಂಪೌಂಡ್ ಗೋಡೆಗೆ ಒರಗಿದ್ದ ಮಕ್ಕಳ ಬಿಳಿ ಅಂಗಿಗಳ ಬೆನ್ನೆಲ್ಲ ನೀಲಿ. ಒಬ್ಬ ತಾಯಿ ಮಗಳ ಅಂಗಿ ಹಿಡಿದುಕೊಂಡು ನೇರ ಬಣ್ಣದ ಶೆಡ್ಡಿಗೇ ಬಂದಳು. "ದೊಡ್ಡಕ್ಕಾ, ನಿಮ್ಮ ಬಣ್ಣ ಗೋಡೆಯೊಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಹಿಡಿಯುತ್ತಲ್ಲಾ!"

ಶೆಡ್ಡಿನಲ್ಲಿ ಬಣ್ಣ ತಯಾರಿಸುವ ಹತ್ತು ಹೆಂಗಸರ ಸಂಘಕ್ಕೆ ದೊಡ್ಡಕ್ಕನೇ ಯಜಮಾನಿ. ಕಾಂಪೌಂಡ್ ಗೋಡೆ ಚೆನ್ನಾಗಿ ಬಂದರೆ ಶಾಲೆಯ ಇಡೀ ಕಟ್ಟಡದ ಕೆಲಸ ಸಂಘಕ್ಕೇ ಅಂತ ಮಾತಾಗಿತ್ತು. ಸಂಘಕ್ಕೆ ಬೇರೆ ಕೆಲಸ ಇರಲಿಲ್ಲ. ಮೊದಲ ಮಳೆಗೇ ಹೀಗಾಯಿತು.

ಎಡವಿದ್ದು ಬೇಸಿಗೆಯಲ್ಲಿ. ಬಣ್ಣದ ಪುಡಿಯನ್ನು ಗೋಡೆಗೆ ಹಿಡಿದಿಡಲು ಯಾವ ಅಂಟು ತರೋಣ ಅಂದಾಗ, ದೊಡ್ಡಕ್ಕ ಮರಗೆಲಸದ ಬಿಳಿ ಅಂಟನ್ನೇ ತೋರಿಸಿದ್ದಳು. ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಆರು ವರ್ಷ ದುಡಿದಿದ್ದ ಅವಳ ಓರಗಿತ್ತಿ ಬೇಡ ಅಂದಿದ್ದಳು.

"ಅಕ್ಕಾ, ಹೊರಗೋಡೆಗೆ ಅಕ್ರಿಲಿಕ್ ಅಂಟು ಬೇಕು. ಬಿಸಿಲು, ಮಳೆ ಎರಡನ್ನೂ ತಡ್ಕೊಳ್ಳುತ್ತೆ. ಈ ಮರಗೆಲಸದ ಅಂಟು ನೀರಿಗೆ ಮೆತ್ತಗಾಗುತ್ತೆ. ಹೊಸ ಸಿಮೆಂಟಿನ ಕ್ಷಾರ ಇದನ್ನ ತಿಂದೇ ಹಾಕುತ್ತೆ."

"ಎರಡೂ ಹಾಲಿನ ಹಾಗೇ ಇವೆಯಲ್ಲೇ! ನಿನ್ನ ಭಾವ ಈ ಅಂಟಲ್ಲೇ ಕೂಡಿಸಿದ ಕುರ್ಚಿ ನೋಡು. ಅವರು ಹೋಗಿ ಒಂಬತ್ತು ವರ್ಷ ಆಯ್ತು, ಇನ್ನೂ ಅಲುಗಾಡಿಲ್ಲ."

"ಬೆಳ್ಳಗಿರೋದೆಲ್ಲ ಹಾಲಲ್ಲ ಅಕ್ಕಾ. ಕುರ್ಚಿ ಮನೆಯೊಳಗಿದೆ, ಗೋಡೆ ಮಳೇಲಿ ನಿಂತಿರುತ್ತೆ. ಮೊದಲು ಒಂದು ಸಿಮೆಂಟ್ ಹಲಗೆಯ ಚೂರಿಗೆ ಬಳಿದು ನೋಡೋಣ."

ಗಂಡನ ಅಂಟಿಗೇ ಹೆಸರಿಡುತ್ತಾಳಲ್ಲ ಎಂದು ದೊಡ್ಡಕ್ಕ ಮುಖ ತಿರುಗಿಸಿ, ಅದೇ ಅಂಟು ತರಿಸಿದ್ದಳು.

ಈಗ ಓರಗಿತ್ತಿ ಜಗಳಕ್ಕೆ ಬರಲಿಲ್ಲ. ಎರಡು ಸಿಮೆಂಟ್ ಹಲಗೆಯ ಚೂರು ತಂದಳು. ಒಂದಕ್ಕೆ ಸಂಘದ ಬಣ್ಣ, ಇನ್ನೊಂದಕ್ಕೆ ಅಕ್ರಿಲಿಕ್ ಬಣ್ಣ ಬಳಿದಳು. ವಾರ ಒಣಗಿಸಿ, ಒಂದು ದಿನ ಬಕೆಟ್ಟಿನಲ್ಲಿ ನೆನೆಹಾಕಿದಳು. "ಉಜ್ಜಿ ನೋಡಿ ಅಕ್ಕಾ."

ದೊಡ್ಡಕ್ಕ ಹೆಬ್ಬೆರಳಲ್ಲಿ ಉಜ್ಜಿದಳು. ಸಂಘದ ಬಣ್ಣ ಹಾಲಿನ ಕೆನೆಯಂತೆ ಎದ್ದು ಬಂತು. ಇನ್ನೊಂದು ಜಪ್ಪಯ್ಯ ಅಂದರೂ ಬರಲಿಲ್ಲ.

"ಇಷ್ಟೇನಾ? ಇಷ್ಟನ್ನ ಮೊದಲೇ ಮಾಡಿದ್ರೆ..."

ಓರಗಿತ್ತಿ ಬಕೆಟ್ಟಿನ ನೀರು ಚೆಲ್ಲಿದಳು.

ಅಷ್ಟರಲ್ಲಿ ಹೆಡ್‌ಮೇಡಂ ಹೇಳಿ ಕಳಿಸಿದ್ದರು, ಕಟ್ಟಡದ ಕೆಲಸ ಬೇರೆಯವರಿಗೆ ಅಂತ. ಹೆಂಗಸರು ಬ್ರಷ್ಷು ತೊಳೆದಿಟ್ಟು ಒಬ್ಬೊಬ್ಬರಾಗಿ ಹೊರಟರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು? ದೊಡ್ಡಕ್ಕ ಮನೆಗೆ ಬಂದು ಗಂಡನ ಕುರ್ಚಿಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು. ಕುರ್ಚಿ ಮಾತ್ರ ಆಗಲೂ ಅಲುಗಾಡಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊರಗೋಡೆಯ ಬಣ್ಣ ತಯಾರಿಸುವುದಿರಲಿ, ಕೊಳ್ಳುವುದಿರಲಿ, ಅದರಲ್ಲಿರುವ ಅಂಟು ಯಾವುದೆಂದು ಕೇಳಿ. ಒಂದು ಸಿಮೆಂಟ್ ಹಲಗೆಯ ಚೂರಿಗೆ ಬಳಿಯಿರಿ, ವಾರ ಒಣಗಿಸಿ, ಒಂದು ದಿನ ನೆನೆಸಿ, ಉಜ್ಜಿ ನೋಡಿ. ಎಂಟು ದಿನ ಸಾಕು. ದೊಡ್ಡಕ್ಕನಿಗೆ ಆ ಎಂಟು ದಿನ ಮತ್ತೆ ಸಿಗುವುದಿಲ್ಲ. ನಿಮ್ಮ ಕೈಯಲ್ಲಿ ಇನ್ನೂ ಇವೆ.